ಶಾಲೆ ಬಿಟ್ಟ ಕೈಗಳಿಗೆ ಕಸುಬು: ಕಾರ್ಯಾಗಾರದ ಬಾಗಿಲು ಯಾರಿಗೆ ತೆರೆದಿದೆ?

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ದಿನ ರಾಜ್ಯದ ಗಮನವೆಲ್ಲ ಪೂರ್ಣಾಂಕ ಪಡೆದ ವಿದ್ಯಾರ್ಥಿಗಳ ಮೇಲೆ, ಮೊದಲ ಸ್ಥಾನಕ್ಕೇರಿದ ಜಿಲ್ಲೆಯ ಮೇಲೆ ನೆಟ್ಟಿರುತ್ತದೆ. 2025ರ ಮೊದಲ ಪರೀಕ್ಷೆಗೆ ಹಾಜರಾದ ಸುಮಾರು 8.42 ಲಕ್ಷ ಮಂದಿಯಲ್ಲಿ ತೇರ್ಗಡೆಯಾದವರು 5.24 ಲಕ್ಷ. ಉಳಿದ ಮೂರು ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ ಒಂದಷ್ಟು ಜನ ಎರಡನೆಯ, ಮೂರನೆಯ ಪರೀಕ್ಷೆಗಳಲ್ಲಿ ದಡ ಸೇರುತ್ತಾರೆ. ಮಿಕ್ಕವರ ಸುದ್ದಿ ಮರುದಿನದ ಪತ್ರಿಕೆಯಲ್ಲಿ ಇರುವುದಿಲ್ಲ. ಅವರಲ್ಲಿ ಬಹುಪಾಲು ಕೂಲಿಯವರ, ಸಣ್ಣ ಹಿಡುವಳಿದಾರರ, ಊರು ಬಿಟ್ಟು ಊರಿಗೆ ದುಡಿಯಲು ಹೋಗುವವರ ಮಕ್ಕಳು. ಗ್ಯಾರೇಜು, ಗಾರೆ ಕೆಲಸ, ಹೋಟೆಲು, ಗಾರ್ಮೆಂಟ್ಸ್ ಕಾರ್ಖಾನೆ, ಹೀಗೆ ಸಿಕ್ಕ ಕಡೆ ಅವರು ಕರಗಿಹೋಗುತ್ತಾರೆ.

ಇಂತಹವರ ಕುರಿತು ಮಾತು ಬಂದಾಗಲೆಲ್ಲ ಸಿದ್ಧವಾಗಿರುವ ಉತ್ತರ ‘ಕೌಶಲ ತರಬೇತಿ’. ಕೇಂದ್ರ ಸರ್ಕಾರ 2015ರ ಜುಲೈ 15ರಂದು ‘ಸ್ಕಿಲ್ ಇಂಡಿಯಾ’ ಅಭಿಯಾನಕ್ಕೆ ಚಾಲನೆ ನೀಡಿದ ಮೇಲಂತೂ ಈ ಪದ ತಾಲ್ಲೂಕು ಕೇಂದ್ರದ ಫಲಕಗಳಿಗೂ ಬಂದಿದೆ. ಆದರೆ ಕೌಶಲದ ಹೆಸರಿನಲ್ಲಿ ನಡೆಯುವುದೆಲ್ಲವೂ ಕಾರ್ಯಾಗಾರದ ಕಲಿಕೆಯಲ್ಲ. ಒಳಗೆ ಸೇರಲು ಯಾರಿಗೆ ಅವಕಾಶ, ಕೈಯಲ್ಲಿ ಉಪಕರಣ ಎಷ್ಟು ಗಂಟೆ ಇರುತ್ತದೆ, ಕಲಿಯುವ ದಿನಗಳಲ್ಲಿ ಊಟಕ್ಕೇನು ಗತಿ, ಕಲಿತ ಮೇಲೆ ಜೊತೆಗೆ ನಿಲ್ಲುವವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದ ತರಬೇತಿ ಪ್ರಮಾಣಪತ್ರದಲ್ಲಿ ಆರಂಭವಾಗಿ ಪ್ರಮಾಣಪತ್ರದಲ್ಲಿಯೇ ಮುಗಿಯುತ್ತದೆ. ಕಸುಬು ಕಲಿಸುವುದು ಇಲ್ಲಿ ತುಲನಾತ್ಮಕವಾಗಿ ಸುಲಭದ ಭಾಗ. ಅದರ ಸುತ್ತಲಿನ ಏರ್ಪಾಡು ಕಷ್ಟದ್ದು. ಕರ್ನಾಟಕದ ಅನುಭವವೇ ಇದನ್ನು ತೋರಿಸಿಕೊಡುತ್ತದೆ.

ಮಂಗಳೂರಿನ ಹಳೆಯ ಪಾಠ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಪಾದ್ರಿಗಳಿಗೆ ಕೈಗಾರಿಕೆ ನಡೆಸುವ ಉದ್ದೇಶವಿರಲಿಲ್ಲ. ಅವರು ಬಂದಿದ್ದು ಮತಪ್ರಚಾರಕ್ಕೆ. ಆದರೆ ಕ್ರೈಸ್ತ ಮತಕ್ಕೆ ಸೇರಿದವರು ಜಾತಿಯಿಂದ ಹೊರಬಿದ್ದು, ಮನೆತನದ ಆಸ್ತಿಯ ಆಸರೆ ಕಳೆದುಕೊಂಡು, ಹಲವರು ಕಸುಬನ್ನೂ ಬಿಡಬೇಕಾಯಿತು. ಶೇಂದಿ ಇಳಿಸುವ ಕೆಲಸವನ್ನು ಮಿಷನ್ ಒಪ್ಪುತ್ತಿರಲಿಲ್ಲ. ಹೀಗೆ ಬದುಕಿನ ದಾರಿ ತಪ್ಪಿದವರಿಗೆ ದುಡಿಮೆ ಒದಗಿಸುವುದು ಮಿಷನ್‌ನ ಹೊಣೆಯಾಯಿತು. ಬೇಸಾಯ, ಗಡಿಯಾರದ ಕೆಲಸ ಮುಂತಾದ ಆರಂಭದ ಪ್ರಯತ್ನಗಳು ನೆಲೆಗೊಳ್ಳಲಿಲ್ಲ. ನೆಲೆಗೊಂಡವು ಮೂರು: 1841ರಲ್ಲಿ ಆರಂಭವಾದ ಮುದ್ರಣಾಲಯ, ಮುಂದಿನ ದಶಕದಲ್ಲಿ ತರಬೇತಿ ಪಡೆದ ನೇಕಾರ ಜಾನ್ ಹಾಲರ್ ಬಂದ ಮೇಲೆ ಚೇತರಿಸಿಕೊಂಡ ನೇಯ್ಗೆ ಶಾಲೆ, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಸ್ಥಾಪಿಸಿದ ಹೆಂಚಿನ ಕಾರ್ಖಾನೆ.

ಈ ಮೂರು ಉಳಿದು ಬೇರೆಯವು ಅಳಿದದ್ದೇಕೆ? ಗಡಿಯಾರದ ಕೆಲಸ ಕಲಿಸಬಹುದಿತ್ತು, ಆದರೆ ಆ ಕಾಲದ ಕರಾವಳಿಯಲ್ಲಿ ಗಡಿಯಾರ ಕಟ್ಟಿದವರೆಷ್ಟು ಮಂದಿ? ಹೆಂಚಿಗೆ ಹಾಗಲ್ಲ. ನೇತ್ರಾವತಿಯ ದಂಡೆಯಲ್ಲಿ ಜೇಡಿಮಣ್ಣು ಇತ್ತು, ಮಳೆಗಾಲದ ಹೊಡೆತಕ್ಕೆ ಮುಳಿಹುಲ್ಲಿನ ಮಾಡಿಗಿಂತ ಗಟ್ಟಿಯಾದ ಹೊದಿಕೆ ಬೇಕಿತ್ತು, ಸರಕು ಸಾಗಿಸಲು ಬಂದರು ಇತ್ತು. ಅಲ್ಲಿ ಕಲಿತವನ ಕೈಗೆ ಮರುದಿನವೂ ಕೆಲಸವಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್‌ನ ಉದ್ದಿಮೆಗಳನ್ನು ವಶಪಡಿಸಿಕೊಂಡು, ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಸೇರಿದವು. ಆ ವೇಳೆಗೆ ಮಂಗಳೂರು ಹೆಂಚು ಇತರರೂ ತಯಾರಿಸುವ ಸರಕಾಗಿತ್ತು. ಮತಾಂತರದ ಕುರಿತು ಯಾರ ಅಭಿಪ್ರಾಯ ಏನೇ ಇರಲಿ, ಸಮಾಜ ಹೊರಗಿಟ್ಟವರಿಗೆ ಕಾರ್ಯಾಗಾರದ ಮೂಲಕ ಬದುಕು ಕಟ್ಟಿಕೊಡಲು ಕನ್ನಡ ನಾಡಿನಲ್ಲಿ ನಡೆದ ಆರಂಭದ ಪ್ರಯೋಗಗಳಲ್ಲಿ ಇದೂ ಒಂದು.

ಅರ ಹಿಡಿದ ಮೊದಲ ವಾರ

ಪಾಠದ ಕೊಠಡಿಯಲ್ಲಿ ಸೋತ ಹುಡುಗ ಕಾರ್ಯಾಗಾರದಲ್ಲಿ ಗೆಲ್ಲಬಲ್ಲ ಎಂಬುದನ್ನು ಅನೇಕರು ಒಂದು ಸಮಾಧಾನದ ಮಾತಿನಂತೆ ಹೇಳುತ್ತಾರೆ. ಅದರ ಹಿಂದಿನ ಕಾರಣ ಮಾತ್ರ ತೀರ ಲೌಕಿಕವಾದದ್ದು. ಕೈಗಾರಿಕಾ ತರಬೇತಿ ಸಂಸ್ಥೆಯ ಅಂದರೆ ಐಟಿಐನ ಫಿಟ್ಟರ್ ವಿಭಾಗದಲ್ಲಿ ಮೊದಲ ವಾರಗಳು ಕಳೆಯುವುದು ಲೇತ್ ಮುಂದೆ ಅಲ್ಲ, ಮೇಜಿಗೆ ಬಿಗಿದ ವೈಸ್ ಮುಂದೆ. ಕೈಗೆ ಒಂದು ಉಕ್ಕಿನ ತುಂಡು, ಒಂದು ಅರ. ತುಂಡಿನ ಮುಖವನ್ನು ಸಮತಟ್ಟು ಮಾಡಬೇಕು, ಪಕ್ಕದ ಮುಖ ಅದಕ್ಕೆ ಸರಿಯಾಗಿ 90 ಡಿಗ್ರಿಯಲ್ಲಿ ನಿಲ್ಲಬೇಕು. ಹೇಳಲು ಇಷ್ಟೇ.

ಹೊಸಬ ಅರ ಉಜ್ಜಿದಾಗ ಅವನ ಕೈ ತಕ್ಕಡಿಯಂತೆ ತೂಗುತ್ತದೆ. ಮುಂದೆ ಹೋಗುವಾಗ ಬಲಗೈ ಏಳುತ್ತದೆ, ಹಿಂದೆ ಬರುವಾಗ ಎಡಗೈ ಏಳುತ್ತದೆ. ಪರಿಣಾಮವಾಗಿ ತುಂಡಿನ ಎರಡೂ ಅಂಚು ಸವೆದು ನಡುವೆ ಬೆನ್ನು ಏಳುತ್ತದೆ. ಬೋಧಕ ಬೈಯಬೇಕಾಗಿಲ್ಲ, ಅಂಕ ಕಳೆಯಬೇಕಾಗಿಯೂ ಇಲ್ಲ. ಟ್ರೈಸ್ಕ್ವೇರ್ ಇಟ್ಟು ಕಿಟಕಿಯ ಕಡೆಗೆ ಎತ್ತಿ ಹಿಡಿದರೆ ಸಾಕು. ಉಕ್ಕಿಗೂ ಅಳತೆಗೋಲಿಗೂ ನಡುವೆ ಬೆಳಕಿನ ಗೆರೆ ಕಂಡರೆ ಕೆಲಸ ತಪ್ಪು, ಕಾಣದಿದ್ದರೆ ಸರಿ. ಯಾರ ಮಗ, ಯಾವ ಊರು, ಇಂಗ್ಲಿಷ್ ಬರುತ್ತದೆಯೇ ಎಂದು ಆ ಬೆಳಕಿನ ಗೆರೆ ಕೇಳುವುದಿಲ್ಲ. ಶಾಲೆಯಲ್ಲಿ ತಪ್ಪು ಏನೆಂದು ತಿಳಿಯಲು ವರ್ಷಾಂತ್ಯದವರೆಗೆ ಕಾಯುತ್ತಿದ್ದವನಿಗೆ ಇಲ್ಲಿ ಅರೆ ನಿಮಿಷದಲ್ಲಿ ಗೊತ್ತಾಗುತ್ತದೆ. ತಿದ್ದಿಕೊಳ್ಳುವುದೂ ಅವನ ಕೈಯಲ್ಲಿಯೇ ಇದೆ. ದಿನಗಳು ಕಳೆದಂತೆ ನಿಲ್ಲುವ ಭಂಗಿ ಸರಿಹೋಗುತ್ತದೆ, ಭುಜದ ಬಲ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ಮೈಗೆ ತಿಳಿಯುತ್ತದೆ. ಮುಂದೆ ಒಂದು ತುಂಡಿನ ಚೌಕಾಕಾರದ ಕಂಡಿಯೊಳಗೆ ಇನ್ನೊಂದು ತುಂಡು ನಾಲ್ಕು ಕಡೆಯಿಂದಲೂ ಬೆಳಕು ಬಿಡದೆ ಕೂರುವಂತೆ ಮಾಡುವ ಅಭ್ಯಾಸ ಬರುತ್ತದೆ. 0.02 ಮಿಲಿಮೀಟರ್ ಅಳೆಯುವ ವರ್ನಿಯರ್ ಕ್ಯಾಲಿಪರ್ ಓದಲು ಕಲಿತವನು ದಶಾಂಶವನ್ನು ಎರಡನೆಯ ಬಾರಿ, ಈ ಬಾರಿ ಬೆರಳ ತುದಿಯಲ್ಲಿ ಕಲಿಯುತ್ತಾನೆ. ಗಣಿತದಲ್ಲಿ ಅನುತ್ತೀರ್ಣನಾದವನಿಗೆ ಇದು ಸಣ್ಣ ಮಾತಲ್ಲ.

ವೆಲ್ಡಿಂಗ್ ಕೂಡ ಹೀಗೆಯೇ. ರಾಡ್‌ನ ತುದಿಗೂ ಲೋಹಕ್ಕೂ ನಡುವೆ ಹೆಚ್ಚುಕಡಿಮೆ ರಾಡ್‌ನ ದಪ್ಪದಷ್ಟೇ ಅಂತರ ಕಾಯ್ದುಕೊಳ್ಳಬೇಕು. ಹತ್ತಿರವಾದರೆ ಅಂಟಿಕೊಳ್ಳುತ್ತದೆ, ದೂರವಾದರೆ ಕಿಡಿ ಸಿಡಿದು ಬೆಸುಗೆ ಕೆಡುತ್ತದೆ. ರಾಡ್ ಉರಿದು ಕ್ಷಣಕ್ಷಣಕ್ಕೂ ಗಿಡ್ಡವಾಗುತ್ತಿರುವಾಗ ಈ ಅಂತರ ಕಾಯ್ದುಕೊಳ್ಳುವುದನ್ನು ಪುಸ್ತಕ ಹೇಳಬಲ್ಲದು, ಕಲಿಸಲಾರದು. ನೂರಾರು ರಾಡ್ ಸುಟ್ಟ ಮೇಲೆಯೇ ಮಣಿಕಟ್ಟು ನೆಟ್ಟಗಾಗುವುದು.

ಈ ನೂರಾರು ರಾಡ್‌ಗಳ ಲೆಕ್ಕದಲ್ಲಿಯೇ ಹಲವು ತರಬೇತಿ ಯೋಜನೆಗಳು ಮುಗ್ಗರಿಸುತ್ತವೆ. ಕಲಿಯುವವನು ಬೆಸೆದ ಉಕ್ಕು ಸಂಜೆಗೆ ಗುಜರಿ. ರಾಡ್, ಉಕ್ಕಿನ ತಟ್ಟೆ, ಅರ, ಗರಗಸದ ಅಲಗು, ವಿದ್ಯುತ್ ಎಲ್ಲವೂ ಖರ್ಚಾಗಿಹೋಗುವಂಥವು, ಫೋಟೊದಲ್ಲಿ ಕಾಣುವಂಥವಲ್ಲ. ತರಬೇತಿ ಕೇಂದ್ರ ಹಣ ಉಳಿಸಲು ಹೊರಟರೆ ಮೊದಲು ಕತ್ತರಿ ಬೀಳುವುದು ಇವಕ್ಕೇ. ಆಗ ಕಾರ್ಯಾಗಾರ ಮೆಲ್ಲನೆ ಉಪನ್ಯಾಸದ ಕೊಠಡಿಯಾಗುತ್ತದೆ, ಹುಡುಗ ಯಾವುದರಿಂದ ಓಡಿಬಂದಿದ್ದನೋ ಅಲ್ಲಿಗೇ ಮರಳಿದಂತಾಗುತ್ತದೆ.

ಗಂಟೆಗಳ ಲೆಕ್ಕ

ದೇಶದಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ಆರಂಭವಾದುದು 1950ರಲ್ಲಿ. ಐಟಿಐಗಳು ಈ ಯೋಜನೆಯ ಅಡಿಯಲ್ಲಿಯೇ ನಡೆಯುತ್ತವೆ. ಇತ್ತೀಚಿನ ಪಠ್ಯಕ್ರಮದಂತೆ ವರ್ಷದ 1,200 ಗಂಟೆಗಳಲ್ಲಿ 840 ಗಂಟೆ ಕೈಕೆಲಸಕ್ಕೆ ಮೀಸಲು. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಎರಡು ವರ್ಷದವು. ವೆಲ್ಡರ್, ಪ್ಲಂಬರ್, ಬಡಗಿ ಕೆಲಸ ಒಂದು ವರ್ಷದವು. ಇದಕ್ಕೆ ಹೋಲಿಸಿದರೆ 2016ರಿಂದ 2020ರವರೆಗೆ ನಡೆದ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆಯ ಎರಡನೆಯ ಹಂತದಲ್ಲಿ ಅಲ್ಪಾವಧಿ ತರಬೇತಿ ಸಾಮಾನ್ಯವಾಗಿ 150ರಿಂದ 300 ಗಂಟೆಗಳದಾಗಿತ್ತು, ಅದೂ ಪಾಠ ಮತ್ತು ಅಭ್ಯಾಸ ಎರಡೂ ಸೇರಿ. ಸಂಖ್ಯೆಯ ಗುರಿ ಬೆನ್ನಟ್ಟುವ ಈ ಧಾವಂತವನ್ನು, ಕೌಶಲ ಮಂಡಳಿಗಳ ಕಾರ್ಯವೈಖರಿಯನ್ನು ಪರಿಶೀಲಿಸಲು ಕೇಂದ್ರವೇ 2016ರಲ್ಲಿ ನೇಮಿಸಿದ್ದ ಶಾರದಾ ಪ್ರಸಾದ್ ಸಮಿತಿ ಕಟುವಾಗಿ ಟೀಕಿಸಿತ್ತು.

ಹಾಗಾದರೆ ಐಟಿಐ ಸಾಕಲ್ಲವೇ? ಇಲ್ಲಿ ಬಾಗಿಲಿನ ಪ್ರಶ್ನೆ ಬರುತ್ತದೆ. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್‌ನಂತಹ ಬೇಡಿಕೆಯ ವೃತ್ತಿಗಳಿಗೆ ಹತ್ತನೆಯ ತರಗತಿ ತೇರ್ಗಡೆ ಕಡ್ಡಾಯ. ಎಂಟನೆಯ ತರಗತಿ ಮುಗಿಸಿದವರು ಸೇರಬಹುದಾದ ವೃತ್ತಿಗಳೂ ಇವೆ. ವೆಲ್ಡರ್, ಪ್ಲಂಬರ್, ಬಡಗಿ, ಹೊಲಿಗೆ ಅವುಗಳಲ್ಲಿ ಕೆಲವು. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ಅನುತ್ತೀರ್ಣನಾದವನ ಮನೆಯಲ್ಲಿ ಈ ವಿಷಯ ತಿಳಿದಿರುವುದು ಅಪರೂಪ. ತಿಳಿದರೂ ಅದೇ ಸೀಟಿಗೆ ಹತ್ತನೆಯ ತರಗತಿ ಮುಗಿಸಿದವರೂ ಅರ್ಜಿ ಹಾಕಬಹುದು. ಇನ್ನು ಒಂದು ವರ್ಷ ದುಡಿಮೆಯಿಲ್ಲದೆ ಕಲಿಯುವುದೆಂದರೆ ಬಡ ಕುಟುಂಬಕ್ಕೆ ಒಬ್ಬನ ಕೂಲಿ ಖೋತಾ. ಬಸ್ ಪಾಸ್, ಹಾಸ್ಟೆಲ್, ವಿದ್ಯಾರ್ಥಿವೇತನ ಎಂಬ ಪೂರಕ ಸಂಗತಿಗಳು ಹುಡುಗ ಕೋರ್ಸ್ ಮುಗಿಸುತ್ತಾನೋ ನಡುವೆ ಬಿಡುತ್ತಾನೋ ಎಂಬುದನ್ನು ನಿರ್ಧರಿಸುತ್ತವೆ. ಈ ಸತ್ಯವನ್ನು ಅರಿತ ಉದ್ದಿಮೆಗಳೂ ಇವೆ. 2007ರಲ್ಲಿ ಬಿಡದಿಯಲ್ಲಿ ಆರಂಭವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ಗ್ರಾಮೀಣ ಬಡ ಕುಟುಂಬಗಳ ಮಕ್ಕಳನ್ನು ಆರಿಸಿ, ಊಟ ವಸತಿಯೊಂದಿಗೆ ಮೂರು ವರ್ಷ ತರಬೇತಿ ನೀಡುವ ಮಾದರಿಯನ್ನು ಕೈಗೊಂಡಿತು. ಅಲ್ಲಿಯೂ ಹತ್ತನೆಯ ತರಗತಿಯ ಹೊಸ್ತಿಲು ಇದ್ದೇ ಇದೆ.

ಪ್ರಸಂಗವಶಾತ್ ಒಂದು ಮಾತು. 2024ರ ಜನವರಿಯಲ್ಲಿ ಹಣ ವಿತರಣೆ ಆರಂಭವಾದ ರಾಜ್ಯದ ಯುವನಿಧಿ ಯೋಜನೆ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ ನಿಗದಿಪಡಿಸಿತು. ಶಾಲೆ ಬಿಟ್ಟವರು ನಿರುದ್ಯೋಗಿಗಳ ಆ ಲೆಕ್ಕದೊಳಗೆ ಬರಲೇ ಇಲ್ಲ.

ಉಜಿರೆಯಿಂದ ಹೊರಟ ಮಾದರಿ

ಓದಿನ ಹೊಸ್ತಿಲನ್ನು ತಗ್ಗಿಸಿ, ಊಟ ವಸತಿಯನ್ನು ತರಬೇತಿಯ ಭಾಗವನ್ನಾಗಿಯೇ ಮಾಡಿದ ಒಂದು ಪ್ರಯೋಗ ದಕ್ಷಿಣ ಕನ್ನಡದ ಉಜಿರೆಯಲ್ಲಿ 1982ರಲ್ಲಿ ಆರಂಭವಾಯಿತು. ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳ್ತನದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಎಜುಕೇಷನಲ್ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಸ್ಥಾಪಿಸಿದ ಆ ಸಂಸ್ಥೆಯೇ ಗ್ರಾಮೀಣಾಭಿವೃದ್ಧಿ ಮತ್ತು ಸ್ವಉದ್ಯೋಗ ತರಬೇತಿ ಸಂಸ್ಥೆ, ಜನರ ಬಾಯಲ್ಲಿ ‘ರುಡ್‌ಸೆಟ್’. (ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.) ಕೆಲಸ ಕೊಡಿಸಿ ಎಂದು ಬರುವ ಎಲ್ಲರಿಗೂ ನೌಕರಿ ಕೊಡಿಸಲು ಯಾರಿಂದಲೂ ಆಗದು, ತಾನೇ ಕೆಲಸ ಹುಟ್ಟಿಸಿಕೊಳ್ಳುವಂತೆ ಮಾಡಬಹುದು ಎಂಬುದು ಅದರ ಮೂಲ ತರ್ಕ.

ಅಲ್ಲಿನ ದಿನಚರಿ ಸಾಮಾನ್ಯ ತರಬೇತಿ ಕೇಂದ್ರಗಳದ್ದಕ್ಕಿಂತ ಬೇರೆ. ವಸತಿ, ಊಟ, ತರಬೇತಿ ಎಲ್ಲವೂ ಉಚಿತ. ಬೆಳಿಗ್ಗೆ ಯೋಗ, ಶ್ರಮದಾನ. ಆಮೇಲೆ ‘ಮಿಲ್ಲಿ’ ಎಂದು ಕರೆಯುವ ಒಂದು ಅವಧಿ. ಹಿಂದಿನ ದಿನ ಕಲಿತ ಅತಿ ಮುಖ್ಯ ಪಾಠ ಯಾವುದೆಂದು ಶಿಬಿರಾರ್ಥಿ ಎದ್ದುನಿಂತು ಎಲ್ಲರೆದುರು ಹೇಳಬೇಕು. ಹತ್ತು ವರ್ಷ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕುಳಿತವನಿಗೆ ಮೋಟಾರು ಬಿಚ್ಚುವುದಕ್ಕಿಂತ ಇದು ಕಷ್ಟ. ಉಂಗುರ ಎಸೆಯುವ ಆಟವೊಂದಿದೆ: ಗೂಟದಿಂದ ಎಷ್ಟು ದೂರ ನಿಂತು ಎಸೆಯಬೇಕೆಂದು ಆಡುವವನೇ ತೀರ್ಮಾನಿಸಬೇಕು. ತೀರ ಹತ್ತಿರ ನಿಂತರೆ ಅಂಕ ಕಡಿಮೆ, ತೀರ ದೂರ ನಿಂತರೆ ಉಂಗುರ ಬೀಳುವುದೇ ಇಲ್ಲ. ಸಾಲ ಮಾಡಿ ಅಂಗಡಿ ಇಡುವವನು ಎಷ್ಟು ಅಪಾಯ ಮೈಮೇಲೆ ಎಳೆದುಕೊಳ್ಳಬಹುದು ಎಂಬುದನ್ನು ಈ ಆಟದ ನೆಪದಲ್ಲಿ ಚರ್ಚಿಸಲಾಗುತ್ತದೆ.

ಕಸುಬುಗಳ ಆಯ್ಕೆಯಲ್ಲಿ ಮಂಗಳೂರಿನ ಹೆಂಚಿನ ತರ್ಕವೇ ಕಾಣುತ್ತದೆ. ಮೋಟಾರ್ ರಿವೈಂಡಿಂಗ್ ಮತ್ತು ಪಂಪ್‌ಸೆಟ್ ದುರಸ್ತಿಯನ್ನೇ ತೆಗೆದುಕೊಳ್ಳಬಹುದು. ವೋಲ್ಟೇಜ್ ಏರುಪೇರಾಗುವ ಹಳ್ಳಿಗಳಲ್ಲಿ ಬೇಸಿಗೆಯ ಹೊತ್ತಿಗೆ ಮೋಟಾರು ಸುಡುವುದು ಸಾಮಾನ್ಯ. ಸುಟ್ಟ ತಂತಿ ತೆಗೆಯುವ ಮೊದಲು ಸುತ್ತುಗಳನ್ನು ಎಣಿಸಿ, ತಂತಿಯ ಗೇಜ್ ಅಳೆದು, ಯಾವ ಸುರುಳಿ ಯಾವ ಗಾಡಿಯಲ್ಲಿತ್ತೆಂದು ಬರೆದಿಟ್ಟುಕೊಳ್ಳಬೇಕು. ಮತ್ತೆ ಅಷ್ಟೇ ಸುತ್ತು ಸುತ್ತಿ, ವಾರ್ನಿಷ್ ಹಾಕಿ ಒಣಗಿಸಿ, ವಿದ್ಯುತ್ ಸೋರಿಕೆ ಇಲ್ಲವೆಂದು ಪರೀಕ್ಷಿಸಬೇಕು. ಬೆಳೆ ಬಾಡುತ್ತಿರುವಾಗ ರೈತ ಮೋಟಾರನ್ನು ಪೇಟೆಗೆ ಹೊತ್ತು ಎರಡು ದಿನ ಕಾಯಲಾರ. ಹೋಬಳಿ ಕೇಂದ್ರದಲ್ಲಿ ಈ ಕೆಲಸ ಬಲ್ಲವನಿದ್ದರೆ ಗಿರಾಕಿಯನ್ನು ಅವನು ಹುಡುಕಬೇಕಾಗಿಲ್ಲ.

ರುಡ್‌ಸೆಟ್‌ನ ನಿಜವಾದ ವೈಶಿಷ್ಟ್ಯ ತರಬೇತಿ ಮುಗಿದ ಮೇಲಿನದು. ಶಿಬಿರ ಕೆಲವು ವಾರಗಳದಾದರೂ ಅನುಸರಣೆ ಎರಡು ವರ್ಷಗಳದು. ಅಂಗಡಿ ತೆರೆದನೇ, ಬ್ಯಾಂಕ್ ಸಾಲ ಸಿಕ್ಕಿತೇ, ಗಿರಾಕಿ ಬಂದರೇ ಎಂದು ಸಂಸ್ಥೆಯವರು ವಿಚಾರಿಸುತ್ತಿರುತ್ತಾರೆ. ಬ್ಯಾಂಕೇ ಸಂಸ್ಥೆಯ ಪಾಲುದಾರನಾಗಿರುವುದರ ಪ್ರಯೋಜನ ಇಲ್ಲಿ ಸ್ಪಷ್ಟ. ಆಸ್ತಿಯ ಭದ್ರತೆ ಇಲ್ಲದ ಯುವಕ ತಾನಾಗಿ ಶಾಖೆಯ ಮೆಟ್ಟಿಲು ಹತ್ತುವುದಕ್ಕೂ ಬ್ಯಾಂಕಿನದೇ ತರಬೇತಿ ಕೇಂದ್ರದ ಪತ್ರ ಹಿಡಿದು ಹೋಗುವುದಕ್ಕೂ ವ್ಯತ್ಯಾಸವಿದೆ. ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಲ್ಲಿ ಈ ಮಾದರಿಯನ್ನೇ ಆಧರಿಸಿ ಜಿಲ್ಲೆಗೊಂದು ‘ಆರ್‌ಸೆಟಿ’ ಸ್ಥಾಪಿಸುವ ಮಾರ್ಗಸೂಚಿ ಹೊರಡಿಸಿತು. ಜಾಗ ರಾಜ್ಯ ಸರ್ಕಾರದ್ದು, ಕಟ್ಟಡಕ್ಕೆ ಕೇಂದ್ರದಿಂದ ಒಂದು ಕೋಟಿ ರೂಪಾಯಿವರೆಗೆ ನೆರವು, ನಡೆಸುವ ಹೊಣೆ ಬ್ಯಾಂಕಿನದು.

ಮಾದರಿಗೆ ಮಿತಿಗಳೂ ಇವೆ. ಮೂವತ್ತು ದಿನಗಳಲ್ಲಿ ಪಂಪ್‌ಸೆಟ್ ದುರಸ್ತಿ ಕಲಿಯಬಹುದು, ಫಿಟ್ಟರ್ ಆಗಲಾಗದು. ಸ್ವಂತ ಅಂಗಡಿ ನಡೆಸುವ ಎದೆಗಾರಿಕೆ ಎಲ್ಲರಿಗೂ ಇರುವುದಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ತಿಂಗಳ ಸಂಬಳ ಬಯಸುವ ಬಡವನನ್ನು ‘ಉದ್ಯಮಶೀಲತೆ ಇಲ್ಲದವ’ ಎಂದು ಹಳಿಯುವ ಪರಿಪಾಠ ಇತ್ತೀಚೆಗೆ ಹೆಚ್ಚಿದೆ. ಹಾಗೆ ಹಳಿಯುವವರು ಬಹುಪಾಲು ಸಂಬಳದಾರರೇ ಎಂಬುದು ಬೇರೆ ಮಾತು.

ಗ್ಯಾರೇಜಿನ ಹುಡುಗ ಮತ್ತು ಕಾನೂನು

ವಾಸ್ತವದಲ್ಲಿ ನಾಡಿನ ಅತಿ ದೊಡ್ಡ ತಾಂತ್ರಿಕ ಶಾಲೆ ಬೀದಿ ಬದಿಯ ಗ್ಯಾರೇಜು, ಗ್ರಿಲ್ ವರ್ಕ್ಸ್, ಮರಗೆಲಸದ ಅಂಗಡಿಗಳೇ. ಪ್ರವೇಶ ಪರೀಕ್ಷೆ ಇಲ್ಲ, ಅಂಕಪಟ್ಟಿ ಬೇಕಿಲ್ಲ. ಮೊದಲ ವರ್ಷ ಸ್ಪ್ಯಾನರ್ ಎತ್ತಿಕೊಡುವುದು, ಚಹಾ ತರುವುದು, ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯುವುದು. ಉಸ್ತಾದನಿಗೆ ವಿಶ್ವಾಸ ಮೂಡಿದ ಮೇಲೆ ಎಂಜಿನ್ ಮುಟ್ಟುವ ಅವಕಾಶ. ಕೈ ಪಳಗುತ್ತದೆ, ನಿಜ. ಆದರೆ ಕಣ್ಣಿಗೆ ಗಾಜು ಇಲ್ಲದೆ ವೆಲ್ಡಿಂಗ್ ನೋಡುವುದು, ದಿನಗಟ್ಟಲೆ ದುಡಿದರೂ ಕೈಗೆ ಪುಡಿಗಾಸು ಬರುವುದು ಈ ಶಾಲೆಯ ಇನ್ನೊಂದು ಮುಖ. 14 ವರ್ಷದೊಳಗಿನವರನ್ನು ಯಾವುದೇ ಕೆಲಸಕ್ಕೆ, 18ರೊಳಗಿನವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವುದನ್ನು 2016ರ ತಿದ್ದುಪಡಿಯ ನಂತರದ ಬಾಲಕಾರ್ಮಿಕ ಕಾಯ್ದೆ ನಿಷೇಧಿಸುತ್ತದೆ. ಮನೆಯವರ ಸ್ವಂತ ಉದ್ಯಮದಲ್ಲಿ ಶಾಲೆಯ ಸಮಯದ ಹೊರಗೆ ನೆರವಾಗುವುದಕ್ಕೆ ವಿನಾಯಿತಿ ಇದೆ.

ಇದೇ ಕಲಿಕೆಗೆ ಕಾನೂನಿನ ಚೌಕಟ್ಟು ಕೊಡುವ ಯತ್ನವೇ 1961ರ ಅಪ್ರೆಂಟಿಸ್ ಕಾಯ್ದೆ. 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಾಲ್ಕರಿಂದ 29 ಮಂದಿ ಇರುವ ಕಡೆ ಅದು ಐಚ್ಛಿಕ. ಆ ನಿಯಮಗಳು 5ರಿಂದ 9ನೇ ತರಗತಿವರೆಗೆ ಓದಿದವರಿಗೂ ತಿಂಗಳಿಗೆ ಕನಿಷ್ಠ 5,000 ರೂಪಾಯಿ ಶಿಷ್ಯವೇತನ ಗೊತ್ತುಪಡಿಸಿದ್ದವು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಷಿಪ್ ಉತ್ತೇಜನ ಯೋಜನೆ ಇದರ ಕಾಲುಭಾಗವನ್ನು, 1,500 ರೂಪಾಯಿ ಮೀರದಂತೆ, ಸರ್ಕಾರವೇ ಭರಿಸುವ ವ್ಯವಸ್ಥೆ ಮಾಡಿತು. ಅಂದರೆ ಐದನೆಯ ತರಗತಿ ಓದಿದವನಿಗೂ ಕಾಗದದ ಮೇಲೆ ಬಾಗಿಲು ತೆರೆದಿದೆ. ದೊಡ್ಡ ಕಾರ್ಖಾನೆಗಳು ಆರಿಸಿಕೊಳ್ಳುವುದು ಮಾತ್ರ ಸಹಜವಾಗಿಯೇ ಐಟಿಐ, ಡಿಪ್ಲೊಮಾ ಮುಗಿಸಿದವರನ್ನು. ಗ್ರಿಲ್ ಅಂಗಡಿಯ ಮಾಲೀಕನಿಗೆ ಪೋರ್ಟಲ್‌ನಲ್ಲಿ ನೋಂದಣಿ, ಒಪ್ಪಂದ ಪತ್ರ ಇವೆಲ್ಲ 1,500 ರೂಪಾಯಿಗಿಂತ ದುಬಾರಿ ಎನಿಸುತ್ತವೆ. ಶಿಷ್ಯವೇತನದ ನೆರವು ನಿಜಕ್ಕೂ ತಲುಪಬೇಕಾದ ಜಾಗ ಅದೇ ಆಗಿರುವಾಗ, ಅಲ್ಲಿಗೆ ಅರ್ಜಿ ತುಂಬಿಕೊಡಲು ಐಟಿಐನ ಒಬ್ಬ ಸಿಬ್ಬಂದಿಯನ್ನು ಕಳುಹಿಸುವುದು ಹೊಸ ಯೋಜನೆ ಘೋಷಿಸುವುದಕ್ಕಿಂತ ಅಗ್ಗದ ಕೆಲಸ.

ಹೆಣ್ಣುಮಕ್ಕಳ ವಿಷಯದಲ್ಲಿ ಬಾಗಿಲು ಇನ್ನೂ ಕಿರಿದು. ತರಬೇತಿ ಎಂದೊಡನೆ ಅವರಿಗೆ ತೋರಿಸುವುದು ಹೊಲಿಗೆ ಯಂತ್ರ, ಇಲ್ಲವೇ ಬ್ಯೂಟಿಪಾರ್ಲರ್. ಒಂದೇ ಹಳ್ಳಿಯಲ್ಲಿ ಇಪ್ಪತ್ತು ಮಂದಿ ಹೊಲಿಗೆ ಕಲಿತರೆ ರವಿಕೆ ಹೊಲಿಸುವವರು ಯಾರು ಎಂದು ಕೇಳುವವರಿಲ್ಲ. ವೈರಿಂಗ್, ಮೊಬೈಲ್ ದುರಸ್ತಿ, ಅಳತೆ ಪರೀಕ್ಷೆಯಂತಹ ಕೆಲಸಗಳಿಗೆ ಬೇಕಾದುದು ತೋಳ್ಬಲವಲ್ಲ, ತಾಳ್ಮೆ. ಹೆಣ್ಣುಮಕ್ಕಳನ್ನು ತಡೆಯುವುದು ಬಹಳಷ್ಟು ಸಲ ಶೌಚಾಲಯವಿಲ್ಲದ ಕಾರ್ಯಾಗಾರ ಮತ್ತು ಸಂಜೆಯ ಕೊನೆಯ ಬಸ್ಸು.

ವಯಸ್ಸಿನಲ್ಲಿಯೂ ಒಂದು ಕಂದಕವಿದೆ. ಆರ್‌ಸೆಟಿಗೆ ಸೇರಲು 18 ತುಂಬಿರಬೇಕು. ಬ್ಯಾಂಕ್ ಸಾಲಕ್ಕೂ ಅದೇ ಮಿತಿ. ಶಾಲೆ ಬಿಡುವುದು 15, 16ರಲ್ಲಿ. ನಡುವಿನ ಎರಡು ಮೂರು ವರ್ಷ ಹುಡುಗ ಏನು ಮಾಡಬೇಕು? 14 ತುಂಬಿದವರು ಐಟಿಐ ಸೇರಬಹುದು. ಓದು ಬಾರದವರಿಗೆ, ಎಂಟನೆಯ ತರಗತಿಯೊಳಗೆ ಶಾಲೆ ಬಿಟ್ಟವರಿಗೆ ಜನ ಶಿಕ್ಷಣ ಸಂಸ್ಥಾನಗಳಿವೆ. 1967ರಲ್ಲಿ ಶ್ರಮಿಕ ವಿದ್ಯಾಪೀಠವೆಂದು ಆರಂಭವಾದ ಈ ವ್ಯವಸ್ಥೆ 15 ವರ್ಷ ತುಂಬಿದವರನ್ನು ಸೇರಿಸಿಕೊಳ್ಳುತ್ತದೆ, ಆದರೆ ಎಲ್ಲ ಜಿಲ್ಲೆಗಳಲ್ಲಿಯೂ ಇಲ್ಲ.

ಮಗನನ್ನೋ ಮಗಳನ್ನೋ ಯಾವುದಾದರೂ ಕೇಂದ್ರಕ್ಕೆ ಸೇರಿಸಲು ಹೊರಟ ಪೋಷಕರು, ಅಥವಾ ಮನೆಗೆಲಸದವರ ಮಕ್ಕಳಿಗೆ ದಾರಿ ತೋರಲು ಮುಂದಾದ ನಗರವಾಸಿಗಳು, ಗೋಡೆಯ ಮೇಲಿನ ಫೋಟೊಗಳಿಗಿಂತ ಮೂಲೆಯ ಗುಜರಿ ರಾಶಿಯನ್ನು ನೋಡುವುದು ಲೇಸು. ಸುಟ್ಟ ರಾಡ್‌ಗಳು, ಸವೆದ ಅರಗಳು, ಕೆಟ್ಟ ಬೆಸುಗೆಯ ತುಂಡುಗಳು ಅಲ್ಲಿ ಬಿದ್ದಿದ್ದರೆ ಆ ಕೇಂದ್ರದಲ್ಲಿ ಕಲಿಕೆ ನಡೆಯುತ್ತಿದೆ. ಒಂದು ಯಂತ್ರಕ್ಕೆ ಎಷ್ಟು ಮಂದಿ, ಕಳೆದ ವರ್ಷ ಕಲಿತವರು ಈಗ ಎಲ್ಲಿದ್ದಾರೆ, ಅವರಲ್ಲೊಬ್ಬರ ಅಂಗಡಿಯ ವಿಳಾಸ ಕೊಡಬಹುದೇ ಎಂಬ ಪ್ರಶ್ನೆಗಳನ್ನೂ ಕೇಳಬಹುದು. ಐಟಿಐ ಪ್ರವೇಶಕ್ಕೆ ಪ್ರಕಟಣೆ ಹೊರಬೀಳುವುದು ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಫಲಿತಾಂಶದ ಆಸುಪಾಸಿನಲ್ಲಿಯೇ. ಎಂಟನೆಯ ತರಗತಿಯ ಅರ್ಹತೆ ಸಾಕಾಗುವ ವೃತ್ತಿಗಳಿಗೆ ಅರ್ಜಿ ಹಾಕಲು ಮರುಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯಬೇಕಾಗಿಲ್ಲ.